ಹದಿನೇಳು ಕಡೆ ಒಂದೇ ನಂಬರು

ನಮ್ಮ ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಚುಕ್ಕಿ ಮೇಡಂ. ಹೊಸದಾಗಿ ಸೇರಿದವರು ಇದೇನೋ ಮುದ್ದಿನ ಹೆಸರಿರಬೇಕು ಅಂದುಕೊಳ್ಳುತ್ತಾರೆ. ಮುದ್ದೂ ಇಲ್ಲ, ಮಣ್ಣೂ ಇಲ್ಲ. 3.2.5 ಎಂದು ಬರೆದಿದ್ದನ್ನು ನಾವೆಲ್ಲ ‘ಮೂರು ಎರಡು ಐದು’ ಎಂದು ಓದಿ ಮುಗಿಸಿದರೆ, ಅವರೊಬ್ಬರು ‘ಮೂರು ಚುಕ್ಕಿ ಎರಡು ಚುಕ್ಕಿ ಐದು’ ಎಂದು ಒಂದೊಂದು ಚುಕ್ಕಿಗೂ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿ ನಿಧಾನವಾಗಿ ಓದುತ್ತಿದ್ದರು. “ಚುಕ್ಕಿ ನುಂಗಿದ್ರೆ ಅದು ಮುನ್ನೂರ ಇಪ್ಪತ್ತೈದು ಆಗತ್ತೆ. ಆಮೇಲೆ ಯಾರು ಉತ್ತರ ಕೊಡೋರು?” ಎನ್ನುತ್ತಿದ್ದರು. ಉತ್ತರ ಕೊಡುವವರು ಯಾವಾಗಲೂ ಅವರೇ ಆಗಿದ್ದರಿಂದ ಯಾರೂ ವಾದ ಮಾಡುತ್ತಿರಲಿಲ್ಲ.

ನಾವು ಮಾಡುವುದು ಕನ್ನಡಕದ ಅಂಗಡಿಗಳಿಗೆ ಬೇಕಾದ ಒಂದು ಸಾಫ್ಟ್‌ವೇರು. ಯಾರ ಕಣ್ಣಿನ ಪವರ್ ಎಷ್ಟು, ಯಾವ ಫ್ರೇಮು ಆರಿಸಿದರು, ಗಾಜು ಯಾವತ್ತು ಸಿದ್ಧವಾಗುತ್ತದೆ, ಇಷ್ಟನ್ನು ನೆನಪಿಟ್ಟುಕೊಂಡು ಕೇಳಿದಾಗ ಹೇಳುವ ಸಾಧು ಪ್ರಾಣಿ. ಮುನ್ನೂರ ಹನ್ನೆರಡು ಅಂಗಡಿಗಳಲ್ಲಿ ಇದೆ. ಐದಾರು ವಾರಕ್ಕೊಮ್ಮೆ ಏನಾದರೊಂದು ತಿದ್ದಿ ಹೊಸದನ್ನು ಕಳಿಸುತ್ತೇವೆ. ಕಳಿಸುವ ಮೊದಲು ಅದರ ವರ್ಷನ್ ನಂಬರನ್ನು ಒಂದು ಮೆಟ್ಟಿಲು ಮೇಲೇರಿಸಬೇಕು. 4.1.5 ಇದ್ದದ್ದು 4.1.6 ಆಗಬೇಕು. ಇದೇನು ಮಹಾ ಕೆಲಸ ಎಂದು ನಿಮಗೆ ಅನ್ನಿಸಬಹುದು, ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ನಂಬರು ಒಂದೇ ಕಡೆ ಇರುವುದಿಲ್ಲ. ಪರದೆಯ ಬಲ ಮೂಲೆಯಲ್ಲಿ ಒಂದು, ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ ಒಂದು, ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಫೈಲುಗಳ ಕಟ್ಟಿನ ಹೆಸರಿನಲ್ಲಿ ಒಂದು, ಸಹಾಯ ಪುಸ್ತಕದ ಮೊದಲ ಹಾಳೆಯಲ್ಲಿ ಒಂದು, ಗಿರಾಕಿಗೆ ಕೊಡುವ ಚೀಟಿಯ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು, ಇನ್ನು ಹೊರಗಿನವರ ಕಣ್ಣಿಗೇ ಬೀಳದ ಫೈಲುಗಳಲ್ಲಿ ಹನ್ನೆರಡು. ಯಾಕೆ ಹದಿನೇಳು ಕಡೆ ಎಂದು ಕೇಳಬೇಡಿ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ತಮಗೆ ತೋಚಿದಲ್ಲಿ ಬರೆದಿಟ್ಟು ಕೆಲಸ ಬಿಟ್ಟು ಹೋದರು. ಅವರು ಬಿಟ್ಟು ಹೋದದ್ದನ್ನೆಲ್ಲ ಚುಕ್ಕಿ ಮೇಡಂ ಕೈಯಲ್ಲಿ ಬದಲಾಯಿಸಿಕೊಂಡು ಬಂದರು.

ನಮ್ಮ ಆಫೀಸು ಗುಡಿಸುವಾಕೆಗೆ ‘ಹೊಸ ವರ್ಷನ್’ ಎನ್ನುವುದು ‘ಹೊಸ ವರ್ಷ’ ಎಂದೇ ಕೇಳಿಸುತ್ತಿತ್ತು. “ನಿಮ್ಮಲ್ಲಿ ಎರಡು ತಿಂಗಳಿಗೊಂದು ಹೊಸ ವರ್ಷ ಬರತ್ತಲ್ಲ ಮೇಡಂ, ಹಾಗಾದ್ರೆ ನಿಮ್ಮ ವಯಸ್ಸೆಷ್ಟು?” ಎಂದು ಒಮ್ಮೆ ಕೇಳಿದಳು. “ಎಣಿಸಿದ್ರೆ ನೂರು ದಾಟಿದೆ ಕಣಮ್ಮ” ಎಂದು ಮೇಡಂ ನಗದೆ ಹೇಳಿದರು. ಅವರ ನಿಜವಾದ ವಯಸ್ಸು ಆಗ ಐವತ್ತೊಂದು.

ನಾನು ಟೆಸ್ಟಿಂಗಿನವಳು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಬಿಟ್ಟಿಯಾಗಿ ಮಾಡುತ್ತೇನೆ ಎಂದು ನಮ್ಮ ಯಜಮಾನರ ದೂರು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೂ ಏಳು ವರ್ಷ ಮೇಡಂ ಪಕ್ಕದ ಮೇಜಿನಲ್ಲಿ ಕೂತೆ, ಒಂದು ದಿನವೂ ಕೆಲಸದ ವಿಷಯಕ್ಕೆ ಅವರ ಮೇಲೆ ಕೂಗಾಡುವ ಸಂದರ್ಭ ಬರಲಿಲ್ಲ. ಬಿಡುಗಡೆಯ ದಿನ, ಅಂದರೆ ಹೊಸ ವರ್ಷನ್ ಕಳಿಸುವ ದಿನ, ಮಧ್ಯಾಹ್ನ ಎರಡಕ್ಕೆ ನನ್ನ ಕುರ್ಚಿ ಎಳೆದುಕೊಂಡು ಅವರ ಪಕ್ಕ ಹೋಗಬೇಕು. ಅವರ ಮುಂದೆ ಒಂದು ರಟ್ಟು, ಅದರ ಮೇಲೆ ಹದಿನೇಳು ಫೈಲುಗಳ ಹೆಸರು, ಕೈಯಲ್ಲಿ ಪೆನ್ಸಿಲು. ಅವರು ಒಂದೊಂದನ್ನೇ ತೆರೆದು, ತಿದ್ದಿ, ಜೋರಾಗಿ ಓದಬೇಕು. ನಾನು ಪರದೆ ನೋಡಿ ‘ಹೂಂ’ ಅನ್ನಬೇಕು. ನನ್ನ ‘ಹೂಂ’ ಬಂದ ಮೇಲೆ ಅವರು ಗುರುತು ಹಾಕಬೇಕು. ಹದಿನೇಳು ಸಲ. ಒಮ್ಮೆ ನಾನು ಬೇಸರದಿಂದ ಎರಡು ‘ಹೂಂ’ಗಳನ್ನು ಒಟ್ಟಿಗೆ ಅಂದುಬಿಟ್ಟೆ. ಅವರು ಪೆನ್ಸಿಲು ಕೆಳಗಿಟ್ಟು, ಮತ್ತೆ ಒಂದನೆಯದರಿಂದ ಶುರು ಮಾಡಿದರು.

ಇಷ್ಟು ಕಟ್ಟುನಿಟ್ಟು ಯಾಕೆ ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು. ಅಷ್ಟರವರೆಗೆ ನಾನು ನೋಡುತ್ತಿದ್ದದ್ದು ಅವರ ಕನ್ನಡಕವನ್ನು. ಎಡಗಡೆಯ ಕಡ್ಡಿಗೆ ಟೇಪು ಸುತ್ತಿತ್ತು. ಪವರ್ ಎಂದೋ ಬದಲಾಗಿ ಹೋಗಿ, ಚುಕ್ಕಿ ಕಾಣಬೇಕಾದರೆ ಗದ್ದ ಮೇಲೆತ್ತಿ ಗಾಜಿನ ಕೆಳಗಿನ ಅಂಚಿನಿಂದ ಇಣುಕಬೇಕಾಗಿತ್ತು. “ಮುನ್ನೂರು ಕನ್ನಡಕದ ಅಂಗಡಿ ನಮ್ಮ ಕೈಯಲ್ಲಿದೆ. ಯಾವುದಾದ್ರೂ ಒಂದಕ್ಕೆ ಹೋಗಿ ಮಾಡಿಸ್ಕೊಳ್ಳೋಕೆ ಏನು ರೋಗ ನಿಮಗೆ?” ಎಂದು ನಾನೇ ರೇಗಿದ್ದೆ. “ನೋಡೋಣ” ಎಂದಿದ್ದರು. ವರ್ಷಗಟ್ಟಲೆ ‘ನೋಡೋಣ’ ಎಂದೇ ಹೇಳಿದರು.

ಅವರ ಇನ್ನೊಂದು ಅಭ್ಯಾಸವೂ ನನ್ನ ಕಣ್ಣಿಗೆ ಬಿದ್ದಿತ್ತು. ಬಿಡುಗಡೆಯ ಮಾರನೆಯ ಬೆಳಿಗ್ಗೆ ಅವರು ಎಲ್ಲರಿಗಿಂತ ಮುಂಚೆ ಬಂದು ಒಂದು ಪಟ್ಟಿ ತೆರೆದು ಕೂರುತ್ತಿದ್ದರು. ಹೊಸ ವರ್ಷನ್ ಹೋದಾಗ ಪ್ರತಿ ಅಂಗಡಿಯ ಪರದೆಯ ಮೇಲೂ ‘ಹೊಸದು ಬಂದಿದೆ’ ಎಂಬ ಮಾತು ಬರುತ್ತದೆ, ಕೆಳಗೆ ಎರಡು ಗುಂಡಿ: ‘ಈಗ ಹಾಕಿಕೊಳ್ಳಿ’, ‘ಆಮೇಲೆ’. ನಮ್ಮ ಅಂಗಡಿಯವರಲ್ಲಿ ಮುಕ್ಕಾಲು ಜನ ‘ಆಮೇಲೆ’ ಒತ್ತುವವರೇ. ಯಾರು ‘ಈಗ’ ಒತ್ತಿದರೋ ಅವರ ಅಂಗಡಿಯ ಸಾಲಿನಲ್ಲಿ ಹೊಸ ನಂಬರೂ ಒತ್ತಿದ ಹೊತ್ತೂ ಬಂದು ಕೂರುತ್ತದೆ. ಮೇಡಂ ಆ ಪಟ್ಟಿಯನ್ನು ಮೇಲಿಂದ ಓದುತ್ತಿರಲಿಲ್ಲ. ನೇರ ಕೆಳಗಿಳಿದು 42187 ಎಂಬ ಅಂಗಡಿಯ ಹತ್ತಿರ ನಿಲ್ಲುತ್ತಿದ್ದರು. ಅಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷವೋ ಹನ್ನೆರಡು ನಿಮಿಷವೋ ಇರುತ್ತಿತ್ತು. ಅದನ್ನು ನೋಡಿದ ಮೇಲೆ ಎದ್ದು ಹೋಗಿ ಚಹಾ ತಂದುಕೊಳ್ಳುತ್ತಿದ್ದರು.

ಒಂದು ದಿನ ಆ ಸಾಲು ಮಧ್ಯಾಹ್ನವಾದರೂ ಹಳೆಯ ನಂಬರಿನಲ್ಲೇ ಇತ್ತು. ಮೇಡಂ ಊಟದ ಡಬ್ಬಿ ಬಿಚ್ಚಲಿಲ್ಲ. ಕರೆದರೆ ‘ಹಾಂ’ ಎನ್ನುತ್ತಿದ್ದರು, ಅಷ್ಟೇ. ಮೂರೂವರೆಗೆ ಸಾಲು ಬದಲಾಯಿತು. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಯಾರ ಅಂಗಡಿ ಅದು?” ಎಂದೆ.

“ನಮ್ಮಕ್ಕಂದು.”

ಆ ದಿನ ಆಫೀಸು ಬಿಟ್ಟ ಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅವರು ಎಲ್ಲವನ್ನೂ ಹೇಳಿದರು. ಅಕ್ಕ ಇವರಿಗಿಂತ ಏಳು ವರ್ಷಕ್ಕೆ ದೊಡ್ಡವರು. ಅಪ್ಪ ಬೇಗ ಹೋಗಿದ್ದರಿಂದ ಅಮ್ಮ ದುಡಿಯಲು ಹೋದರೆ ಇವರ ತಲೆ ಬಾಚಿದ್ದು, ಸ್ಕೂಲಿಗೆ ಬಿಟ್ಟದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಅಕ್ಕ ಕನ್ನಡಕದ ಕೆಲಸ ಕಲಿತು ನಾಲ್ಕು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಅಂಗಡಿ ಇಟ್ಟರು. ಇವರು ನಮ್ಮ ಕಂಪನಿ ಸೇರಿದ ಹೊಸತರಲ್ಲಿ, ಅಕ್ಕನಿಗೆ ಕಾಟ ಕೊಟ್ಟು, ತಾವೇ ಹೋಗಿ ಆ ಅಂಗಡಿಯಲ್ಲಿ ಈ ಸಾಫ್ಟ್‌ವೇರು ಹಾಕಿಕೊಟ್ಟು ಬಂದಿದ್ದರು.

ಒಂಬತ್ತು ವರ್ಷದ ಹಿಂದೆ ಅಕ್ಕನ ಮನೆಯಲ್ಲಿದ್ದ ಅಮ್ಮನಿಗೆ ಕಾಯಿಲೆ ಜೋರಾಯಿತು. ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ, “ಹೊರಟು ಬಾ, ನಿನ್ನೇ ಕೇಳ್ತಿದಾಳೆ” ಎಂದರು. ಅದಕ್ಕೆ ಹಿಂದಿನ ದಿನವಷ್ಟೇ ಹೊಸ ವರ್ಷನ್ ಹೋಗಿತ್ತು. ಹದಿನಾರು ಕಡೆ ನಂಬರು ಬದಲಾಯಿಸಿದ್ದ ಮೇಡಂ ಹದಿನೇಳನೆಯ ಫೈಲನ್ನು ಮರೆತಿದ್ದರು. ತನ್ನ ನಂಬರು ಎಷ್ಟು ಎಂದು ಸಾಫ್ಟ್‌ವೇರು ತನ್ನನ್ನೇ ತಾನು ನೋಡಿಕೊಳ್ಳುವ ಫೈಲು ಅದು. ನೋಡಿಕೊಂಡರೆ ಹಳೆಯ ನಂಬರು. ಹಾಗಾಗಿ ಹೊಸದನ್ನು ಇಳಿಸಿಕೊಂಡಿತು, ಮತ್ತೆ ನೋಡಿಕೊಂಡಿತು, ಮತ್ತೂ ಹಳೆಯದೇ. ಬೀಗ ಹಾಕಿದೆನೋ ಇಲ್ಲವೋ ಎಂದು ತಿರುತಿರುಗಿ ಬಾಗಿಲಿಗೆ ಹೋಗುವವರ ಹಾಗೆ ‘ಈಗ’ ಒತ್ತಿದ ಅಂಗಡಿಗಳ ಕಂಪ್ಯೂಟರುಗಳೆಲ್ಲ ಇಳಿಸಿಕೊಳ್ಳುತ್ತಲೇ ಕೂತವು. ಅಲ್ಲಿ ಯಾರೂ ಒಂದು ಕನ್ನಡಕ ಮಾರುವ ಹಾಗಿರಲಿಲ್ಲ. ತಪ್ಪು ನನ್ನದು, ಸರಿ ಮಾಡಿಯೇ ಹೊರಡುತ್ತೇನೆ, ಸಂಜೆಯ ಬಸ್ಸು ಹಿಡಿಯುತ್ತೇನೆ ಎಂದು ಮೇಡಂ ಕೂತರು. ಸಂಜೆಯಾಯಿತು, ಮರುದಿನವಾಯಿತು, ಆ ರಾತ್ರಿ ಅಮ್ಮ ಹೋದ ಸುದ್ದಿ ಫೋನಿನಲ್ಲೇ ಬಂತು. ಗುರುವಾರ ಅವರು ಹೋಗಿ ನಿಂತಾಗ ಎಲ್ಲ ಮುಗಿದು, ಬಂದವರೆಲ್ಲ ಹೊರಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು.

“ನಿನ್ನ ನಂಬರು ಸರಿಹೋಯ್ತಾ?” ಎಂದು ಕೇಳಿದರಂತೆ. ಅಷ್ಟೇ.

ಅಷ್ಟಕ್ಕೆ ಇವರು ಹಾಗೇ ತಿರುಗಿ ಬಂದವರು ಮತ್ತೆ ಆ ಊರಿನ ಕಡೆ ತಲೆ ಹಾಕಿ ಮಲಗಿಲ್ಲ. ಫೋನೂ ಇಲ್ಲ, ಕಾಗದವೂ ಇಲ್ಲ. ನನಗೆ ಮೈ ಉರಿದುಹೋಯಿತು. ಒಂಬತ್ತು ವರ್ಷ! ನಾನಾಗಿದ್ದರೆ ಅಲ್ಲೇ ಎರಡು ಮಾತು ಅಂದು, ನಾಲ್ಕು ಅನ್ನಿಸಿಕೊಂಡು, ಅತ್ತು, ಒಳಗೆ ಹೋಗಿ ಮಲಗುತ್ತಿದ್ದೆ. ಅದನ್ನೇ ಅವರಿಗೂ ಹೇಳಿದೆ.

“ಅವಳು ಸುಳ್ಳು ಹೇಳಿದ್ರೆ ಜಗಳ ಆಡಬಹುದಿತ್ತು,” ಎಂದರು ಮೇಡಂ. “ನಿಜ ಹೇಳಿದ್ಲು. ಏನಂತ ಜಗಳ ಆಡ್ಲಿ?”

“ನೆನಪಾಗಲ್ವಾ?”

“ದಿನಾ ಆಗತ್ತೆ. ತಲೆ ಬಾಚ್ಕೊಳ್ಳೋವಾಗೆಲ್ಲ ಆಗತ್ತೆ.” ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅವರೇ ಮುಂದುವರಿಸಿದರು. “ಅದಕ್ಕೇ ಈ ಪಟ್ಟಿ ನೋಡೋದು. ಒಂಬತ್ತಕ್ಕೆ ಅಂಗಡಿ ಬಾಗಿಲು ತೆಗೀತಾಳೆ. ಕಸ ಗುಡಿಸಿ, ಕಂಪ್ಯೂಟರ್ ಹಾಕ್ತಾಳೆ. ನಾನು ಕಳಿಸಿದ್ದು ಕಾಣತ್ತೆ. ಆಮೇಲೆ ಅಂತ ಒತ್ತಲ್ಲ ನೋಡು ಅವಳು, ಒಂದು ಸಲಾನೂ ಒತ್ತಿಲ್ಲ. ಈಗ ಅಂತಾನೇ ಒತ್ತೋದು. ಅಷ್ಟು ಗೊತ್ತಾದ್ರೆ ನನಗೆ ಆರು ವಾರ ಸಾಕು.”

ಅವರ ಮನೆಗೆ ಒಮ್ಮೆ ಹೋಗಿದ್ದೆ. ಎರಡು ಕೋಣೆ, ಒಂದೇ ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಟವೆಲು. ಮದುವೆಯ ಮಾತೆತ್ತಿದವರಿಗೆಲ್ಲ ‘ಟೈಮು ಸಿಗಲಿಲ್ಲ’ ಎಂದು ಹೇಳಿ ಬಾಯಿ ಮುಚ್ಚಿಸಿದ ಹೆಂಗಸು. ಆ ಕೋಣೆಯಲ್ಲಿ ಕೂತು ಅವರು ಆರಾರು ವಾರ ಕಾಯುತ್ತಿದ್ದದ್ದು ‘ಒಂಬತ್ತು ಗಂಟೆ ಹತ್ತು ನಿಮಿಷ’ ಎಂಬ ಒಂದು ಸಾಲಿಗೆ ಎಂದು ತಿಳಿದ ಮೇಲೆ ಬಿಡುಗಡೆಯ ದಿನ ನನ್ನ ‘ಹೂಂ’ ಸ್ವಲ್ಪ ಸರಿಯಾಗಿ ಬರತೊಡಗಿತು.

ಹೀಗಿರುವಾಗ ಮ್ಯಾನೇಜರು ಹೊಸ ಎಂಜಿನಿಯರನ್ನು ಕರೆತಂದರು. ನಲವತ್ತರ ಗಂಡಸು, ಎದೆಯವರೆಗೆ ಗಡ್ಡ. ಗಡ್ಡದವರು ಎಂದೇ ನಾವು ಕರೆದದ್ದು. ಒಂದೇ ನಂಬರನ್ನು ಹದಿನೇಳು ಕಡೆ ಮನುಷ್ಯರೊಬ್ಬರು ಕೈಯಲ್ಲಿ ಬದಲಾಯಿಸುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ‘ಹೂಂ’ ಅನ್ನುತ್ತಾರೆ ಎಂದು ಕೇಳಿ ಅವರು ಗಡ್ಡ ಹಿಡಿದುಕೊಂಡು ನಿಂತುಬಿಟ್ಟರು. ಒಂದು ವಾರದಲ್ಲಿ ಸ್ಕ್ರಿಪ್ಟು ಬರೆದರು. ಹಳೆಯ ನಂಬರು ಇದು, ಹೊಸದು ಇದು ಎಂದು ಹೇಳಿದರೆ ಸಾಕು, ಅದು ಇಡೀ ಪ್ರಾಜೆಕ್ಟನ್ನು ಜಾಲಾಡಿ ಹಳೆಯದು ಸಿಕ್ಕ ಕಡೆಯಲ್ಲೆಲ್ಲ ಹೊಸದನ್ನು ಬರೆಯುತ್ತದೆ, ಕಟ್ಟು ಕಟ್ಟುತ್ತದೆ, ಅಂಗಡಿಗಳಿಗೆ ಕಳಿಸುತ್ತದೆ.

“ಇದು ಮನುಷ್ಯರು ಮಾಡೋ ಕೆಲಸ ಅಲ್ಲ ಮೇಡಂ,” ಎಂದರು ಗಡ್ಡದವರು, ಒಳ್ಳೆಯ ಮನಸ್ಸಿನಿಂದಲೇ. “ನೀವು ಇಷ್ಟು ವರ್ಷ ಹೇಗೆ ತಡ್ಕೊಂಡ್ರೋ.”

ಮೇಡಂ ತಮ್ಮ ರಟ್ಟನ್ನು ಅವರ ಕೈಗೆ ಕೊಟ್ಟರು. ಯಾವ ಫೈಲಿನಲ್ಲಿ ಎಷ್ಟನೇ ಸಾಲು ಎಂದು ಬಿಡಿಸಿ ಹೇಳಿದರು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು. “ಅಂಗಡಿಯವರು ಒತ್ತೋ ಗುಂಡಿ ಇರತ್ತಲ್ವಾ?”

“ಇಲ್ಲ ಮೇಡಂ. ಅವರು ಆಮೇಲೆ ಆಮೇಲೆ ಅಂತ ಒತ್ತಿ ತಾನೇ ಇಷ್ಟು ತೊಂದರೆ? ಇನ್ಮೇಲೆ ತಾನಾಗೇ ಆಗತ್ತೆ. ಎಲ್ಲಾ ಅಂಗಡೀಲೂ ಒಂದೇ ಹೊತ್ತಿಗೆ. ಯಾರೂ ಏನೂ ಒತ್ತೋ ಹಾಗಿಲ್ಲ.”

“ಒಳ್ಳೇದಾಯ್ತು,” ಎಂದರು ಮೇಡಂ.

ಒಳ್ಳೆಯದಾಗಿರಲಿಲ್ಲ. ನಾನು ಅವರನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ, ಈಗಲಾದರೂ ಅಕ್ಕನಿಗೆ ಫೋನು ಮಾಡಿ ಎಂದೆ. ಏನಂತ ಮಾಡ್ಲಿ ಎಂದರು. ಹೇಗಿದೀಯ ಅಂತ ಮಾಡಿ ಎಂದೆ. ಒಂಬತ್ತು ವರ್ಷ ಆದ ಮೇಲೆ ಹೇಗಿದೀಯ ಅಂತ ಕೇಳಿದರೆ ಅದು ಅಣಕಿಸಿದ ಹಾಗಿರುತ್ತದೆ ಎಂದರು. ಇಂಥವರ ಹತ್ತಿರ ಯಾರು ಮಾತಾಡುವುದು? ನಾನು ಸಿಟ್ಟಿನಲ್ಲಿ ನನ್ನ ಮೇಜಿಗೆ ಹೋಗಿ ಸ್ಕ್ರಿಪ್ಟನ್ನು ಪರೀಕ್ಷೆ ಮಾಡಿದೆ. ಹದಿನೇಳು ಫೈಲುಗಳನ್ನೂ ತೆರೆದು ನೋಡಿದೆ, ಹದಿನೇಳರಲ್ಲೂ ನಂಬರು ಸರಿಯಾಗಿತ್ತು. ಸರಿ ಇದೆ ಎಂದು ಬರೆದು ಕೊಟ್ಟೆ. ಮಿಕ್ಕ ಸಾವಿರಾರು ಫೈಲುಗಳಲ್ಲಿ ಏನಾಗಿದೆ ಎಂದು ನೋಡಬೇಕೆಂಬುದು ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವ ನನಗೆ ಹೊಳೆಯಲಿಲ್ಲ.

4.1.7 ಹೋಗಿ 4.1.8 ಆಯಿತು. ಮಧ್ಯಾಹ್ನ ಎರಡಕ್ಕೆ ನಾನು ಕುರ್ಚಿ ಎಳೆಯಲಿಲ್ಲ. ಗಡ್ಡದವರು ಒಂದು ಕೀಲಿ ಒತ್ತಿದರು, ಚಹಾ ಆರುವುದರೊಳಗೆ ಎಲ್ಲ ಮುಗಿದಿತ್ತು. ಮೇಡಂ ಪೆನ್ಸಿಲನ್ನು ಸುಮ್ಮನೆ ಹೆರೆದು ಹೆರೆದು ಗಿಡ್ಡ ಮಾಡಿದರು.

ಮಾರನೆಯ ಬೆಳಿಗ್ಗೆ ನಾನು ಬಂದಾಗ ಅವರು ಪಟ್ಟಿಯ ಮುಂದೆ ಇದ್ದರು. ಬಣ್ಣವೇ ಇಲ್ಲದ ಮುಖ. “ಮುನ್ನೂರ ಹನ್ನೊಂದೇ ಇದೆ,” ಎಂದರು. “ಅಕ್ಕನ ಸಾಲೇ ಇಲ್ಲ.”

ನಾನೂ ಹುಡುಕಿದೆ. ಎಲ್ಲ ಸಾಲುಗಳಲ್ಲೂ ಹೊಸ ನಂಬರು, ಒಂದೇ ಹೊತ್ತು. 42187 ಮಾತ್ರ ಎಲ್ಲೂ ಇರಲಿಲ್ಲ. ಪಟ್ಟಿಯಿಂದ ಒಂದು ಸಾಲು ಹೋಗುವುದು ಅಂಗಡಿ ಮುಚ್ಚಿದಾಗ ಮಾತ್ರ. ಒಂಬತ್ತು ವರ್ಷದಲ್ಲಿ ಹನ್ನೊಂದು ಅಂಗಡಿ ಹೋಗಿದ್ದವು, ಅದರಲ್ಲಿ ಮೂರು ಯಜಮಾನರು ತೀರಿಕೊಂಡು ಹೋದವು. ಆ ಸಾಲುಗಳನ್ನು ಅಳಿಸಿದವರು ಸ್ವತಃ ಮೇಡಂ. ಆದ್ದರಿಂದ ಅವರ ಮನಸ್ಸು ಎಲ್ಲಿಗೆ ಹೋಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

“ಫೋನ್ ಮಾಡೋಣ,” ಎಂದು ನಾನು ಮೊಬೈಲು ತೆಗೆದೆ.

ಅವರು ನನ್ನ ಕೈ ಹಿಡಿದುಕೊಂಡರು. “ಬೇಡ. ಏನಂತ ಕೇಳ್ತೀಯ? ಅಕ್ಕ ಇದಾಳಾ ಅಂತ ಕೇಳ್ತೀಯಾ? ಇಲ್ಲ ಅಂದ್ಬಿಟ್ರೆ? ಅಮ್ಮಂದು ಫೋನಲ್ಲೇ ಕೇಳಿದ್ದು ನಾನು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ.” ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. “ಹೋಗಿ ನೋಡ್ತೀನಿ.”

ಊಟದ ಡಬ್ಬಿಯನ್ನು ಮೇಜಿನ ಮೇಲೇ ಮರೆತು ಬಾಗಿಲಿನ ಕಡೆ ಹೊರಟರು. ಆ ಸ್ಥಿತಿಯಲ್ಲಿ ಒಬ್ಬರನ್ನೇ ಬಿಡುವುದು ನನ್ನಿಂದಾಗಲಿಲ್ಲ. ಮ್ಯಾನೇಜರಿಗೆ ‘ಇಬ್ಬರೂ ರಜೆ’ ಎಂದು ಹೇಳಿ, ಅವರು ಯಾಕೆ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದೆವು.

ಬಸ್ಸಿನಲ್ಲಿ ಮೇಡಂ ಕಿಟಕಿಯ ಪಕ್ಕ ಕೂತರು. ಒಂದು ಗಂಟೆಯ ದಾರಿ ಸಾಗಿತು. ಆಮೇಲೆ, “ನಾನು ಹುಟ್ಟಿದಾಗ ಇವಳಿಗೆ ತಂಗಿ ಬೇಡವಾಗಿತ್ತಂತೆ, ತಮ್ಮ ಬೇಕಿತ್ತಂತೆ,” ಎಂದರು. “ಎರಡು ದಿನ ಮುಖ ನೋಡಿಲ್ಲ. ಮೂರನೇ ದಿನದಿಂದ ಗುಬ್ಬಿ ಗುಬ್ಬಿ ಅಂತ ಕೆಳಗೇ ಇಳಿಸಿಲ್ಲ.” ನಕ್ಕರು, ನಕ್ಕ ಮುಖದಲ್ಲೇ ಅಳು ಬಂತು. ಅವಳ ದನಿ ಕೇಳಬೇಕು, ಬೈದರೂ ಪರವಾಗಿಲ್ಲ, ಒಂದು ಸಲ ಕೇಳಿದರೆ ಸಾಕು ಎಂದರು. ನಾನು ನೀರಿನ ಬಾಟಲಿ ಕೊಟ್ಟೆ. ನನಗೆ ಸಮಾಧಾನ ಮಾಡಲು ಬರುವುದಿಲ್ಲ.

ಅರ್ಧ ದಾರಿಯಲ್ಲಿ ನನ್ನ ಫೋನು ಹೊಡೆದುಕೊಂಡಿತು. ಗಡ್ಡದವರು.

“ತಪ್ಪು ಸಿಕ್ತು,” ಎಂದರು. “ಹುಡುಕೋ ಭಾಷೇಲಿ ಚುಕ್ಕಿ ಅಂದ್ರೆ ಚುಕ್ಕಿ ಅಲ್ಲ. ಆ ಜಾಗದಲ್ಲಿ ಏನು ಬೇಕಾದ್ರೂ ಇರಬಹುದು ಅಂತ ಅರ್ಥ. ಚುಕ್ಕಿನೇ ಬೇಕು ಅಂದ್ರೆ ಅದರ ಹಿಂದೆ ಒಂದು ಓರೆ ಗೆರೆ ಹಾಕ್ಬೇಕು. ನಾನು ಹಾಕೋದು ಮರ್ತಿದೀನಿ. 4.1.7 ಹುಡುಕು ಅಂದ್ರೆ ಅದು ನಾಲ್ಕು, ಏನಾದ್ರೂ ಸರಿ, ಒಂದು, ಏನಾದ್ರೂ ಸರಿ, ಏಳು ಅಂತ ಹುಡುಕಿದೆ. ಅಂಗಡಿಗಳ ಪಟ್ಟೀಲಿ 42187 ಸಿಕ್ಕಿದೆ. ಅದನ್ನ 4.1.8 ಮಾಡಿ ಇಟ್ಟಿದೆ. ಹಾಗಾಗಿ ಆ ಅಂಗಡಿ ಕಾಣ್ತಿಲ್ಲ. ಮತ್ತೇನಿಲ್ಲ. ಸಂಜೆಯೊಳಗೆ ಸರಿ ಮಾಡ್ತೀನಿ. ಮೇಡಂಗೆ ಹೇಳ್ಬಿಡಿ.”

ಚುಕ್ಕಿಗೆ ಮರ್ಯಾದೆ ಕೊಡದಿದ್ದರೆ ಏನಾಗುತ್ತದೆ ಎಂದು ಮೇಡಂ ಹೇಳುತ್ತಲೇ ಬಂದಿದ್ದರು. ಅಂದರೆ ಅಂಗಡಿ ಮುಚ್ಚಿಲ್ಲ. ಅಕ್ಕ ಬಹುಶಃ ಚೆನ್ನಾಗೇ ಇದ್ದಾರೆ. ನಾಲಿಗೆಯ ತುದಿಗೆ ಬಂದ ಮಾತನ್ನು ನಾನು ತಡೆದೆ. ಪಕ್ಕಕ್ಕೆ ತಿರುಗಿ ನೋಡಿದರೆ ಮೇಡಂ ಕಿಟಕಿಯ ಸರಳು ಹಿಡಿದುಕೊಂಡು ರಸ್ತೆಯ ಮೈಲಿಗಲ್ಲುಗಳನ್ನು ಎಣಿಸುತ್ತಿದ್ದರು. ಈಗ ಹೇಳಿದರೆ ಇವರು ‘ಸದ್ಯ’ ಎಂದು ನಿಟ್ಟುಸಿರು ಬಿಟ್ಟು ಮುಂದಿನ ನಿಲ್ದಾಣದಲ್ಲೇ ಇಳಿದು, ಎದುರಿನ ಬಸ್ಸು ಹತ್ತುತ್ತಾರೆ. ಇನ್ನೊಂದು ಒಂಬತ್ತು ವರ್ಷ. ನನಗೆ ಅದು ಖಂಡಿತವಾಗಿ ಗೊತ್ತಿತ್ತು.

“ಯಾರು?” ಎಂದರು ಮೇಡಂ.

“ನಮ್ಮ ಯಜಮಾನ್ರು. ಕೊಡೆ ಎಲ್ಲಿಟ್ಟಿದೀಯ ಅಂತ,” ಎಂದು ಫೋನನ್ನು ಚೀಲದ ತಳಕ್ಕೆ ಹಾಕಿದೆ. ಅಲ್ಲಿಂದ ಮುಂದೆ ಮೇಡಂ ಎರಡು ಗಂಟೆ ಪಟ್ಟ ಸಂಕಟ ನನ್ನ ಲೆಕ್ಕಕ್ಕೇ ಸೇರುತ್ತದೆ. ಸೇರಲಿ.

ಅಂಗಡಿ ಒಂದು ಉದ್ದನೆಯ ಬೀದಿಯಲ್ಲಿ, ಬೀಗ ರಿಪೇರಿಯವರಿಗೂ ಬಟ್ಟೆ ಇಸ್ತ್ರಿಯವರಿಗೂ ನಡುವೆ ಇತ್ತು. ಶಟರು ಮೇಲಿರುವುದನ್ನು ದೂರದಿಂದಲೇ ನೋಡಿ ಮೇಡಂ ನಿಂತುಬಿಟ್ಟರು. ನಾನು ತೋಳು ಹಿಡಿದು ಕರೆದುಕೊಂಡು ಹೋದೆ. ಗಾಜಿನ ಬಾಗಿಲು ತಳ್ಳಿದರೆ ಕೌಂಟರಿನ ಹಿಂದೆ ಮೂವತ್ತೈದರ ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ನಮ್ಮ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಹಾಗೇ ನೇತಾಡುತ್ತಿತ್ತು.

“ಅಬ್ಬಾ, ಬಂದ್ರಾ!” ಎಂದಳು. “ಬೆಳಿಗ್ಗೆಯಿಂದ ‘ಇಂಥ ಅಂಗಡಿ ಇಲ್ಲ’ ಅಂತಿದೆ ನೋಡಿ ಇದು. ಇಷ್ಟು ದೊಡ್ಡ ಅಂಗಡಿ ಕಣ್ಣಿಗೆ ಕಾಣಲ್ವಾ ಅದಕ್ಕೆ? ಒಬ್ಬ ಗಿರಾಕಿಗೂ ಚೀಟಿ ಕೊಡಕ್ಕಾಗಿಲ್ಲ. ನಿಮ್ಮ ಆಫೀಸಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಆದ್ರೂ ಇಷ್ಟು ಬೇಗ ಜನ ಕಳಿಸ್ತಾರೆ ಅಂದ್ಕೊಂಡಿರ್ಲಿಲ್ಲ ಬಿಡಿ.”

“ಅಕ್ಕ… ಯಜಮಾನಿಯವರು?” ಎಂದರು ಮೇಡಂ.

“ಒಳಗೆ ಗಾಜು ಉಜ್ತಿದಾರೆ. ಅಮ್ಮಾವ್ರನ್ನ ಕರೆದು ಏನೂ ಉಪಯೋಗ ಇಲ್ಲ, ಅವರು ಈ ಕಂಪ್ಯೂಟರ್ ಮುಟ್ಟೋದೇ ಇಲ್ಲ. ನಾನು ಸೇರಿ ಎಂಟು ವರ್ಷ ಆಯ್ತು, ಒಂದು ದಿನ ಮುಟ್ಟಿದ್ದು ನೋಡಿಲ್ಲ. ಹೊಸದು ಬಂದ್ರೂ ನಾನೇ ಒತ್ತೋದು. ಬಂದ ತಕ್ಷಣ ಒತ್ತಿಬಿಡ್ತೀನಿ, ಇಲ್ದಿದ್ರೆ ದಿನವಿಡೀ ಕಾಟ ಕೊಡತ್ತೆ.”

ಮೇಡಂ ಕೌಂಟರಿನ ಅಂಚು ಹಿಡಿದುಕೊಂಡರು. ಆ ಒಂಬತ್ತು ಗಂಟೆ ಹತ್ತು ನಿಮಿಷಗಳೆಲ್ಲ ಯಾರದು ಎಂದು ಅವರಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ಎದುರಿಗೆ ನಿಂತಿದ್ದ ಹೆಂಗಸು ಒಳ್ಳೆಯವಳೇ. ಆದರೆ ಎಂಟು ವರ್ಷ ಮೇಡಂ ಕಾದದ್ದು ಇವಳ ಬೆರಳಿಗೆ. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಒಳಗಿನ ಚಕ್ರದ ಸದ್ದು ನಿಂತಿತು. ಪರದೆ ಸರಿಸಿ ಅಕ್ಕ ಬಂದರು. ಕುಳ್ಳಗೆ, ತೆಳ್ಳಗೆ, ತಲೆ ಪೂರ್ತಿ ಬೆಳ್ಳಗೆ. ಕೈಗೆಲ್ಲ ಗಾಜಿನ ಪುಡಿ. ತಂಗಿಯನ್ನು ನೋಡಿದರು. ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು.

“ಏನಾಯ್ತು?” ಎಂದರು. “ಯಾಕೆ ಬಂದೆ? ಹುಷಾರಿಲ್ವಾ ನಿನಗೆ?”

“ನನಗೇನೂ ಆಗಿಲ್ಲ. ನಿನಗೇ ಏನೋ ಆಯ್ತು ಅಂದ್ಕೊಂಡೆ,” ಎಂದರು ಮೇಡಂ. ಆಮೇಲೆ ಮಾತು ತಡವರಿಸುತ್ತ, ಅರ್ಧರ್ಧ ನುಂಗುತ್ತ ಬಂತು. ಆಫೀಸಿನಲ್ಲಿ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ನಿನ್ನ ಅಂಗಡಿಯ ಸಾಲು ಇರುತ್ತದೆ, ಹೊಸದು ಕಳಿಸಿದಾಗೆಲ್ಲ ಮಾರನೆಯ ಬೆಳಿಗ್ಗೆ ನೋಡುತ್ತಿದ್ದೆ, ನೀನೇ ಒತ್ತುತ್ತೀಯ ಅಂದುಕೊಂಡಿದ್ದೆ, ಒಂಬತ್ತು ವರ್ಷ ಒಂದು ಸಲವೂ ತಪ್ಪಿಸಿಲ್ಲ, ಇವತ್ತು ಸಾಲು ಇರಲಿಲ್ಲ, ಅದಕ್ಕೇ ಓಡಿ ಬಂದೆ.

ಕೌಂಟರಿನ ಹೆಂಗಸು ಮೆಲ್ಲಗೆ ಎದ್ದು ಹೊರಗೆ ಹೋದಳು. ಅಕ್ಕ ಅಲುಗಾಡದೆ ಕೇಳಿದರು. ಕಣ್ಣು ತಂಗಿಯ ಕನ್ನಡಕದ ಟೇಪಿನ ಮೇಲೆ ಹೋಗಿ, ಅಲ್ಲಿಂದ ನೆರೆತ ಕೂದಲಿನ ಮೇಲೆ ಹೋಗಿ, ಮತ್ತೆ ಮುಖಕ್ಕೆ ಬಂತು.

“ಅಂದ್ರೆ ಇಷ್ಟು ವರ್ಷ ನಾನು ಇದೀನಿ ಅಂತ ನಿನಗೆ ಗೊತ್ತಿತ್ತು.”

“ಹೂಂ.”

“ಪ್ರತಿ ಸಲ ನೋಡಿ ಸಮಾಧಾನ ಮಾಡ್ಕೊಳ್ತಿದ್ದೆ.”

“ಹೂಂ ಅಕ್ಕ.”

“ಆ ಮಾತು ಆಡಿದೋಳು ನಾನು. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ ಅಂತ ಸುಮ್ನಾದೆ. ಈ ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತಿ ನೋಡಿದೀನಿ. ನಿನ್ನ ವಯಸ್ಸಿನೋರು ಯಾರಾದ್ರೂ ಕಣ್ಣು ತೋರಿಸೋಕೆ ಬಂದ್ರೆ ಒಂದು ನಿಮಿಷ ಜಾಸ್ತಿ ಕೂರಿಸ್ಕೊಂಡಿದೀನಿ. ನೀನು ಆ ಊರಲ್ಲೇ ಇದೀಯೋ, ಕೆಲಸ ಬಿಟ್ಟೆಯೋ, ಬದುಕೇ ಇದೀಯೋ, ಯಾರನ್ನ ಕೇಳ್ಲಿ?” ಅಕ್ಕನ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. “ನಿನಗೆ ಪಟ್ಟಿ ಇತ್ತು. ನನಗ್ಯಾವ ಪಟ್ಟಿ ಇತ್ತೇ, ಗುಬ್ಬಿ?”